ತಲೆಕೆಳಗಾದರೂ ಗೊತ್ತಾಗದ ವಿಮಾನ

ರಿಮೋಟಿನಲ್ಲಿ ಹಾರುವ ವಿಮಾನವೊಂದು ಕೊಯ್ಲು ಮುಗಿದ ಗದ್ದೆಯ ಮೇಲೆ ನಾಲ್ಕು ಸುತ್ತು ಹೊಡೆದು ಇಳಿಯಿತು ಅಂತಿಟ್ಟುಕೊಳ್ಳಿ. ನಮ್ಮ ಉಡುಪಿ ಕಡೆ ನೋಡಲು ನಿಂತವರು ಕೇಳುವ ಪ್ರಶ್ನೆ ಎರಡೇ. "ಇದಕ್ಕೆ ಎಷ್ಟು ಬೀಳ್ತದೆ?" "ಎಲ್ಲಿಂದ ತರಿಸಿದ್ದು ಮಾರಾಯ್ರೆ?" ಇದರ ರೆಕ್ಕೆಯ ಗೆರೆ ಎಳೆದದ್ದು ಯಾರು ಅಂತ ಕೇಳುವವರಿಲ್ಲ. ವಿಮಾನ ಅಂದರೆ ಪೆಟ್ಟಿಗೆಯಲ್ಲಿ ಬರುವ ವಸ್ತು ಅಂತ ನಾವು ತೀರ್ಮಾನ ಮಾಡಿ ಆಗಿದೆ. ಆದರೆ ಸ್ಪರ್ಧೆಗಾಗಿ ಆಕಾಶದಲ್ಲಿ ಲಾಗ ಹಾಕುವ ಏರೋಬ್ಯಾಟಿಕ್ ಮಾಡೆಲ್‌ಗಳ ಚರಿತ್ರೆ ನೋಡಿದರೆ, ಅದು ಹೆಚ್ಚುಕಡಿಮೆ ಆ ಕೇಳದ ಮೂರನೇ ಪ್ರಶ್ನೆಯ ಚರಿತ್ರೆ. ಗೆದ್ದವರಲ್ಲಿ ಬಹಳ ಜನ ತಮ್ಮ ವಿಮಾನವನ್ನು ತಾವೇ ಗೀಚಿ, ಕತ್ತರಿಸಿ, ಅಂಟಿಸಿ ಹಾರಿಸಿದವರು.

ಮೊದಲು ಈ ವಿಮಾನ ಎಂಥದ್ದು ಅಂತ ಹೇಳಿಬಿಡುತ್ತೇನೆ. ನಾವು ಕೂತು ದುಬಾಯಿಗೆ ಹೋಗುವ ವಿಮಾನದ ರೆಕ್ಕೆಯ ಮೇಲ್ಭಾಗದ ಆಕಾರ ಬೇರೆ, ಕೆಳಭಾಗದ್ದು ಬೇರೆ. ಅದಕ್ಕೆ ಮೇಲೆ ಯಾವುದು, ಕೆಳಗೆ ಯಾವುದು ಅಂತ ಗೊತ್ತು. ಸ್ಪರ್ಧೆಯ ಏರೋಬ್ಯಾಟಿಕ್ ಮಾಡೆಲಿಗೆ ಅದು ಗೊತ್ತಾಗಲೇಬಾರದು. ಅದರ ರೆಕ್ಕೆ ಎರಡೂ ಕಡೆ ಸಮ. ರೆಕ್ಕೆ, ಬಾಲದ ಪಟ್ಟಿ, ಮೋಟಾರಿನ ಎಳೆತ ಮೂರೂ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ ಇರುತ್ತವೆ. ನೆಟ್ಟಗೆ ಹಾರುವಾಗ ಹೇಗೋ ಬೆನ್ನು ಕೆಳಗೆ ಮಾಡಿ ಹಾರುವಾಗಲೂ ಹಾಗೇ. ರೆಕ್ಕೆಯನ್ನು ನೆಲಕ್ಕೆ ಲಂಬವಾಗಿ ನಿಲ್ಲಿಸಿ ಹಾರಿಸುವ ಒಂದು ವರಸೆ ಉಂಟು, ನೈಫ್ ಎಡ್ಜ್ ಅಂತ. ಆಗ ರೆಕ್ಕೆಯಿಂದ ಪ್ರಯೋಜನವಿಲ್ಲ, ವಿಮಾನವನ್ನು ಎತ್ತಿ ಹಿಡಿಯುವುದು ಅದರ ಹೊಟ್ಟೆಯ ಪಕ್ಕ. ಇವತ್ತಿನ ಸ್ಪರ್ಧಾ ವಿಮಾನಗಳು ಬಂಗುಡೆಯ ಹಾಗೆ ಎತ್ತರದ ಹೊಟ್ಟೆ ಇಟ್ಟುಕೊಂಡಿರುವುದಕ್ಕೆ ಕಾರಣ ಇದು, ಚಂದಕ್ಕಲ್ಲ.

ತೊಂದರೆ ಬರುವುದು ಇಲ್ಲೇ. ನೈಫ್ ಎಡ್ಜಿನಲ್ಲಿ ರಡ್ಡರ್ ಒತ್ತಿದರೆ ವಿಮಾನ ಮೂಗು ಎತ್ತುವುದರ ಜೊತೆಗೆ ಸ್ವಲ್ಪ ಉರುಳಲೂ ನೋಡುತ್ತದೆ, ಚಕ್ರದ ಕಡೆಗೋ ಬೆನ್ನಿನ ಕಡೆಗೋ ವಾಲಲೂ ನೋಡುತ್ತದೆ. ರೆಕ್ಕೆಯ ತುದಿ ಎಷ್ಟು ಎತ್ತರದಲ್ಲಿದೆ, ಬಾಲದ ಪಟ್ಟಿ ಎಲ್ಲಿ ಕೂತಿದೆ, ಭಾರದ ಕೇಂದ್ರ ಎಲ್ಲಿ ಬಿದ್ದಿದೆ ಎಲ್ಲವೂ ಸೇರಿ ಈ ಚಾಳಿಯನ್ನು ಹುಟ್ಟಿಸುತ್ತವೆ. ಒಂದನ್ನು ಸರಿ ಮಾಡಿದರೆ ಇನ್ನೊಂದು ಕೆಡುತ್ತದೆ. ಹಾರಿಸುವವನ ಬೆರಳಿಗೆ ಆದ ಕಿರಿಕಿರಿ ಗೀಚುವವನ ಪೆನ್ಸಿಲಿಗೆ ಮುಟ್ಟಬೇಕು. ಆ ಸುದ್ದಿ ಅತಿ ಬೇಗ ಮುಟ್ಟುವುದು ಎರಡೂ ಒಬ್ಬನೇ ಆಗಿದ್ದರೆ.

ಶುರುವಿನಲ್ಲಿ ಇಬ್ಬರಿದ್ದರು, ಅದೂ ಅವಳಿಗಳು. ಅಮೆರಿಕದ ಕಲಾಮಜೂ ಊರಿನ ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್. ವಾಲ್ಟರ್ ವಿಮಾನ ಕಟ್ಟುವವ, ವಿಲಿಯಂ ಹ್ಯಾಮ್ ರೇಡಿಯೋ ಹುಚ್ಚಿನವ. 1937ರಲ್ಲಿ ಡೆಟ್ರಾಯಿಟ್‌ನಲ್ಲಿ ಅಮೆರಿಕದ ರಾಷ್ಟ್ರೀಯ ಕೂಟದಲ್ಲಿ ಮೊದಲ ಸಲ ರೇಡಿಯೋ ವಿಮಾನಗಳಿಗೆ ಸ್ಪರ್ಧೆ ಇಟ್ಟಾಗ ಗೆದ್ದದ್ದು ಚೆಸ್ಟರ್ ಲಾಂಜೊ. ಮರುವರ್ಷ 1938ರಲ್ಲಿ ಗುಡ್ ಸಹೋದರರ 'ಗಫ್' ಗೆದ್ದಿತು. ಆ ಕಾಲಕ್ಕೆ ವಿಮಾನ ಹೇಳಿದ ಕಡೆಗೆ ತಿರುಗಿ, ಹೇಳಿದ ಜಾಗಕ್ಕೆ ವಾಪಸ್ ಬಂದರೆ ಅದೇ ದೊಡ್ಡ ಕಸರತ್ತು. ಗಫ್ ಈಗ ಸ್ಮಿತ್ಸೋನಿಯನ್ ಮ್ಯೂಸಿಯಮ್ಮಿನ ಸೊತ್ತು.

ರೇಡಿಯೋ ವಿಮಾನಗಳ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದು 1960ರಲ್ಲಿ, ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಬಳಿಯ ಡ್ಯೂಬೆನ್‌ಡಾರ್ಫ್‌ನಲ್ಲಿ. ಗೆದ್ದವರು ಅಮೆರಿಕದ ಎಡ್ ಕಾಜ್ಮಿರ್ಸ್ಕಿ, ತಾವೇ ವಿನ್ಯಾಸ ಮಾಡಿದ 'ಓರಾಯನ್' ಎಂಬ ವಿಮಾನದಲ್ಲಿ. ಆಗಿನ್ನೂ ರೇಡಿಯೋ ಅಂದರೆ ಸ್ವಿಚ್ಚಿನ ಆಟ. ಒತ್ತಿದರೆ ರಡ್ಡರ್ ಪೂರ್ತಿ ಆಚೆ, ಬಿಟ್ಟರೆ ನಡುವಿಗೆ, ಸ್ವಲ್ಪ ಮಾತ್ರ ತಿರುಗು ಅಂತ ಹೇಳುವ ಉಪಾಯವಿಲ್ಲ. ಬೆರಳಿನಲ್ಲಿ ಕುಟ್ಟಿ ಕುಟ್ಟಿ ವಿಮಾನವನ್ನು ಪಳಗಿಸಬೇಕು. ಕಡ್ಡಿ ಎಷ್ಟು ಸರಿಸಿದರೆ ಅಷ್ಟೇ ತಿರುಗುವ ಪ್ರಪೋರ್ಷನಲ್ ರೇಡಿಯೋ ಬಳಕೆಗೆ ಬಂದದ್ದು ಆ ದಶಕದಲ್ಲೇ, ಕೆಲವು ವರ್ಷ ಕಳೆದು. ಓರಾಯನ್ನಿನ ಗೆಲುವಿನಲ್ಲಿ ಅರ್ಧ ಪಾಲು ವಿನ್ಯಾಸದ್ದು ಅಂತ ನಾನು ಹೇಳುವುದು ಇದಕ್ಕೇ. ರೇಡಿಯೋ ಮಾಡಲಾಗದ ನಯವನ್ನು ಮರದಲ್ಲೇ ಕೂರಿಸಬೇಕಿತ್ತು.

ಆಮೇಲೆ ಹೆಸರುಗಳ ಸಾಲು. 1962ರಲ್ಲಿ ಟಾಮ್ ಬ್ರೆಟ್, 1963 ಮತ್ತು 1965ರಲ್ಲಿ ರಾಲ್ಫ್ ಬ್ರೂಕ್. 1967ರಲ್ಲಿ ಕಾರ್ಸಿಕಾ ದ್ವೀಪದಲ್ಲಿ ಫಿಲ್ ಕ್ರಾಫ್ಟ್. ಈ ಕ್ರಾಫ್ಟ್ ನನಗೆ ತುಂಬ ಹಿಡಿಸಿದ ಮನುಷ್ಯ. ರೇಡಿಯೋ ಮಾಡಿ ಮಾರುವ ಕಂಪನಿ ಅವರದ್ದೇ, ವಿಮಾನದ ವಿನ್ಯಾಸ ಅವರದ್ದೇ, ಹಾರಿಸಿದ್ದೂ ಅವರೇ. ವಿಮಾನದ ಹೆಸರು 'ಕ್ವಿಕ್ ಫ್ಲೈ'. ಬೇಗ ಕಟ್ಟಿ ಬೇಗ ಹಾರಿಸು ಅನ್ನುವ ಹಾಗಿರುವ ಹೆಸರು. ವಿಶ್ವ ಚಾಂಪಿಯನ್ ವಿಮಾನಕ್ಕೆ ಇಂಥ ಹೆಸರಿಡಲು ಸ್ವಲ್ಪ ಧೈರ್ಯ ಬೇಕು. 1973ರಲ್ಲಿ ಜಪಾನಿನ ತ್ಸುಗುತಾಕಾ ಯೋಶಿಯೋಕಾ 'ಬ್ಲೂ ಏಂಜೆಲ್' ತಂದರು. 1977ರಲ್ಲಿ ಆಸ್ಟ್ರಿಯಾದ ಹಾನ್ನೋ ಪ್ರೆಟ್ನರ್ 'ಕುರಾರೆ'. ಕುರಾರೆಯ ಬಾಲದ ಪಟ್ಟಿ ಎರಡೂ ಕಡೆ ಕೆಳಗೆ ಬಾಗಿರುತ್ತದೆ, ಕೊಕ್ಕರೆ ರೆಕ್ಕೆ ಇಳಿಬಿಟ್ಟ ಹಾಗೆ. ರಡ್ಡರ್ ಒತ್ತಿದರೆ ಉರುಳುವ ಚಾಳಿಗೆ ಅದು ಮದ್ದು.

1980ರ ದಶಕದಲ್ಲಿ ನಿಯಮ ಬದಲಾಯಿತು. ಅದಕ್ಕೂ ಮುಂಚೆ ಒಂದು ವರಸೆ ಮುಗಿಸಿ, ದೂರ ಹೋಗಿ, ಆರಾಮಾಗಿ ತಿರುಗಿ ಬಂದು ಮುಂದಿನದ್ದು ಮಾಡಬಹುದಿತ್ತು. ಈಗ ಎರಡು ಕೊನೆಗಳಲ್ಲಿ ತಿರುಗುವುದಕ್ಕೂ ಅಂಕ. ಎಲ್ಲವೂ ಕಣ್ಣೆದುರಿನ ಒಂದು ಅದೃಶ್ಯ ಪೆಟ್ಟಿಗೆಯೊಳಗೆ ನಡೆಯಬೇಕು. ಬಾಣದ ಹಾಗೆ ಓಡುತ್ತಿದ್ದ ವಿಮಾನಗಳು ಒಮ್ಮೆಲೇ ನಿರುಪಯೋಗಿ. ದಪ್ಪ ಹೊಟ್ಟೆಯ, ನಿಧಾನಕ್ಕೆ, ಏರುವಾಗಲೂ ಇಳಿಯುವಾಗಲೂ ಒಂದೇ ವೇಗದಲ್ಲಿ ಹಾರುವ ವಿಮಾನ ಬೇಕಾಯಿತು. ಹೊಸ ನಿಯಮದ ಪುಸ್ತಕ ಬಂದ ಕೂಡಲೇ ಹೊಸ ಆಕಾರ ಗೀಚುವವನಿಗೆ ಕೆಲಸ. ಅಂತರರಾಷ್ಟ್ರೀಯ ವಾಯುಕ್ರೀಡಾ ಒಕ್ಕೂಟ ಎಫ್‌3ಎ ಅಂತ ಕರೆಯುವ ಈ ವರ್ಗದಲ್ಲಿ ಮಿತಿಗಳು ಕೆಲವೇ: ಉದ್ದ 2 ಮೀಟರ್, ಅಗಲ 2 ಮೀಟರ್, ತೂಕ 5 ಕಿಲೋ. ಇದರಲ್ಲೊಂದು ತಮಾಷೆ ಉಂಟು. ಎಣ್ಣೆಯ ಎಂಜಿನ್ ಇದ್ದರೆ ತೂಗುವಾಗ ಟ್ಯಾಂಕ್ ಖಾಲಿ, ಬ್ಯಾಟರಿ ವಿಮಾನವಾದರೆ ಬ್ಯಾಟರಿ ಸಮೇತ ತೂಗಬೇಕು. ಬ್ಯಾಟರಿಯವರು ಗೊಣಗುವುದರಲ್ಲಿ ನ್ಯಾಯ ಇದೆ. ಆದರೂ ಅವರೇ ಈಗ ಹೆಚ್ಚು.

ಇತ್ತ ನಮ್ಮ ದೇಶದಲ್ಲಿ ಏನಾಗುತ್ತಿತ್ತು? 1951ರ ಆಗಸ್ಟ್‌ನಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನಲ್ಲಿ ವಿ.ಎಂ. ಘಾಟಗೆಯವರು ವಿನ್ಯಾಸ ಮಾಡಿದ ಎಚ್‌ಟಿ-2 ತರಬೇತಿ ವಿಮಾನ ಹಾರಿತು. ಘಾಟಗೆ ಜರ್ಮನಿಯ ಗಟಿಂಗೆನ್‌ನಲ್ಲಿ ಪ್ರಾಂಟಲ್ ಅವರ ಕೈಕೆಳಗೆ ಓದಿ ಬಂದವರು. ಅದೇ ವರ್ಷದ ಡಿಸೆಂಬರ್ 25ರಂದು ನೆಹರೂ ಅವರು ಡಕೋಟಾದಲ್ಲಿ ಬಜ್ಪೆಗೆ ಬಂದಿಳಿದರು, ನಮ್ಮ ಕರಾವಳಿಗೆ ವಿಮಾನ ನಿಲ್ದಾಣ ಆಯಿತು. 1959ರಲ್ಲಿ ಬೆಂಗಳೂರಿನಲ್ಲೇ ಮರುತ್ ಯುದ್ಧವಿಮಾನ ಮಾಡುವ ಮೊದಲು ಅದೇ ಅಳತೆಯ ಮರದ ಗ್ಲೈಡರ್ ಮಾಡಿ, ಡಕೋಟಾಕ್ಕೆ ಹಗ್ಗ ಕಟ್ಟಿ ಎಳೆಸಿ ಹಾರಿಸಿ ನೋಡಿದರು. ಜರ್ಮನಿಯಿಂದ ಬಂದ ಕುರ್ಟ್ ಟಾಂಕ್ ಅವರ ತಂಡ ಕೂಡ ಮೊದಲು ಮರದಲ್ಲೇ ಅನುಮಾನ ತೀರಿಸಿಕೊಂಡದ್ದು. ಮಾಡೆಲ್ ಕಟ್ಟುವುದನ್ನು ಮಕ್ಕಳಾಟಿಕೆ ಅನ್ನುವವರಿಗೆ ಈ ಮರದ ಗ್ಲೈಡರಿನ ಕತೆ ಹೇಳಬೇಕು.

ಶಾಲೆ ಕಾಲೇಜಿನ ಹುಡುಗರಿಗೆ ವಿಮಾನದ ಗಂಧ ತಾಗಿದ್ದು ಬಹುಮಟ್ಟಿಗೆ ಎನ್‌ಸಿಸಿಯ ಏರ್ ವಿಂಗ್‌ನಿಂದ. ಅಲ್ಲಿ ಏರೋಮಾಡೆಲಿಂಗ್ ಪಾಠದ ಭಾಗ. ವಿದೇಶಿ ಕಿಟ್ ತರಿಸುವ ಹಾಗಿಲ್ಲ, ಆಮದಿಗೆ ನೂರು ಅಡ್ಡಿ. ಎಂಜಿನ್ ಬೇಕೆಂದರೆ ಕಲ್ಕತ್ತೆಯಲ್ಲಿ ತಯಾರಾಗುತ್ತಿದ್ದ 'ಆರೋರಾ' ಡೀಸೆಲ್. ಡೀಸೆಲ್ ಅಂದ ಕೂಡಲೇ ಪೆಟ್ರೋಲ್ ಬಂಕಿಗೆ ಹೋಗಬೇಡಿ. ಇದಕ್ಕೆ ಹಾಕುವುದು ಈಥರ್, ಸೀಮೆಎಣ್ಣೆ ಮತ್ತು ಹರಳೆಣ್ಣೆಯ ಮಿಶ್ರಣ. ಬ್ರಿಟನ್ನಿನ 'ಏರೋಮಾಡೆಲರ್' ಪತ್ರಿಕೆಯ ನಕ್ಷೆ ಸಿಕ್ಕಿದರೆ ಪುಣ್ಯ, ಇಲ್ಲದಿದ್ದರೆ ಇನ್ನೊಬ್ಬ ಮಾಡಿದ್ದನ್ನು ನೋಡಿ ಕಾಗದಕ್ಕೆ ಇಳಿಸಿಕೊಳ್ಳಬೇಕು. ರೇಡಿಯೋ ದುಬಾರಿ, ಮೇಲೆ ಲೈಸೆನ್ಸಿನ ತಾಪತ್ರಯ. ಹಾಗಾಗಿ ಎರಡು ತಂತಿ ಕಟ್ಟಿ ತನ್ನ ಸುತ್ತ ಹಾರಿಸುವ ಕಂಟ್ರೋಲ್ ಲೈನ್ ವಿಮಾನವೇ ಹೆಚ್ಚು. ಬಡತನದಿಂದ ಬಂದ ಒಂದು ಲಾಭ ಇದು: ಹಾರಿಸಬೇಕಾದರೆ ಕಟ್ಟಲು ಗೊತ್ತಿರಲೇಬೇಕಿತ್ತು. ಅಮೆರಿಕದಲ್ಲಿ ಇದನ್ನು ನಿಯಮವಾಗಿಯೇ ಇಟ್ಟರು. ಅಲ್ಲಿಯ ಕಂಟ್ರೋಲ್ ಲೈನ್ ಏರೋಬ್ಯಾಟಿಕ್ಸ್‌ನಲ್ಲಿ ಸ್ಪರ್ಧಿ ತನ್ನ ವಿಮಾನವನ್ನು ತಾನೇ ಕಟ್ಟಿರಬೇಕು ಅನ್ನುವ ಶರತ್ತು ಉಂಟು, ಅಂದಚಂದಕ್ಕೂ ಅಂಕ ಉಂಟು. ನಮ್ಮಲ್ಲಿ ನಿಯಮದ ಅಗತ್ಯವೇ ಬೀಳಲಿಲ್ಲ, ಅಂಗಡಿಯೇ ಇರಲಿಲ್ಲವಲ್ಲ!

ಈಗ ಅಂಗಡಿ ಜೇಬಿನಲ್ಲೇ ಇದೆ. ಅಂಟಿಸಿ ಹಾರಿಸುವ ಫೋಮ್ ವಿಮಾನ ವಾರದೊಳಗೆ ಕಾಪುವಿನ ಮನೆಬಾಗಿಲಿಗೂ ಬರುತ್ತದೆ. ತಪ್ಪೇನಿಲ್ಲ, ಹಾರಿಸುವುದನ್ನು ಕಲಿಯಲು ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಗೀಚುವವರು ಎಲ್ಲಿ ಹೋದರು ಅಂತ ಹುಡುಕಿದರೆ ಸಿಗುವುದು ಕಾಲೇಜುಗಳಲ್ಲಿ.

ಮಣಿಪಾಲದ ಇಂಜಿನಿಯರಿಂಗ್ ಕಾಲೇಜು ಶುರುವಾದದ್ದು 1957ರಲ್ಲಿ. ಎಂಐಟಿ ಅನ್ನುವ ಹೆಸರು ಬಂದದ್ದು 1974ರಲ್ಲಿ. ಅಲ್ಲಿಯ ವಿದ್ಯಾರ್ಥಿಗಳ ಏರೋ ಎಂಐಟಿ ತಂಡ ಅಮೆರಿಕದ ಎಸ್‌ಎಇ ಏರೋ ಡಿಸೈನ್ ಸ್ಪರ್ಧೆಗೆ ರೇಡಿಯೋ ವಿಮಾನ ಕಟ್ಟಿಕೊಂಡು ಹೋಗುವ ತಂಡ. 1986ರಲ್ಲಿ ಶುರುವಾದ ಸ್ಪರ್ಧೆ ಅದು. ಅಲ್ಲಿ ಬರಿಯ ಹಾರಾಟಕ್ಕೆ ಅಂಕ ಕೊಟ್ಟು ಮುಗಿಸುವುದಿಲ್ಲ. ಯಾಕೆ ಈ ರೆಕ್ಕೆ, ಯಾಕೆ ಇಷ್ಟು ಉದ್ದ, ಲೆಕ್ಕ ಎಲ್ಲಿ ಅಂತ ವರದಿ ಬರೆಯಬೇಕು, ತೀರ್ಪುಗಾರರ ಎದುರು ನಿಂತು ವಾದಿಸಬೇಕು. ಮಂಗಳೂರು ಅಡ್ಯಾರಿನ ಸಹ್ಯಾದ್ರಿ ಕಾಲೇಜಿನಲ್ಲಿ 'ಏರೋಫಿಲಿಯಾ' ಅಂತ ಏರೋಮಾಡೆಲ್ ಸ್ಪರ್ಧೆ ನಡೆಸುತ್ತಾ ಬಂದಿದ್ದಾರೆ. ಅಂದರೆ ಮೂರನೇ ಪ್ರಶ್ನೆ ಕೇಳುವ ಜಾಗ ನಮ್ಮ ಸುತ್ತಮುತ್ತ ಪೂರ್ತಿ ಇಲ್ಲ ಅಂತಲ್ಲ.

ಆದರೆ ಎಸ್‌ಎಇಯ ಮುಖ್ಯ ವರ್ಗಗಳಲ್ಲಿ ಕೇಳುವುದು ಭಾರ. ಸಣ್ಣ ಓಟದಲ್ಲಿ ಮೇಲೆದ್ದು ಎಷ್ಟು ಹೊರುತ್ತೀ ಅನ್ನುವ ಪ್ರಶ್ನೆ. ಅಂಥ ವಿಮಾನಕ್ಕೆ ಮೇಲೆ ಉಬ್ಬಿದ, ಉದ್ದನೆಯ ರೆಕ್ಕೆ ಬೇಕು. ಅದು ತಲೆಕೆಳಗಾಗಿ ಹಾರುವುದು ಬೇಡ, ಹಾರಿದರೆ ವಿದ್ಯಾರ್ಥಿಗಳ ಎದೆ ಒಡೆದೀತು. ಏರೋಬ್ಯಾಟಿಕ್ ವಿಮಾನ ಇದಕ್ಕೆ ಪೂರ್ತಿ ಉಲ್ಟಾ. ಒಂದು ಗೂಡ್ಸ್ ಲಾರಿ, ಇನ್ನೊಂದು ಯಕ್ಷಗಾನದ ಪುಂಡುವೇಷ. ಭಾರದ ವಿಮಾನದ ಗುಣವನ್ನು ತಕ್ಕಡಿ ಹೇಳುತ್ತದೆ, ಲೆಕ್ಕ ಕಾಗದದ ಮೇಲೆ ಬಹುಪಾಲು ಮುಗಿಯುತ್ತದೆ. ಪುಂಡುವೇಷದ ಧೀಂಗಣ ಸರಿಯಾಯಿತೋ ಇಲ್ಲವೋ ಅಂತ ಹೇಳಲು ಕುಣಿದ ಕಾಲೇ ಬೇಕು. ಎಫ್‌3ಎ ಮಾದರಿಯ ವಿಮಾನದಲ್ಲಿ ಕಂಪ್ಯೂಟರ್ ಲೆಕ್ಕ ಮೊದಲ ನಕ್ಷೆಗೆ ಸಾಕು. ಆಮೇಲೆ ನೂರಾರು ಹಾರಾಟ, ಬಾಲದ ಪಟ್ಟಿಯನ್ನು ಅರ್ಧ ಡಿಗ್ರಿ ತಿರುಗಿಸು, ಮೋಟಾರನ್ನು ಕೂದಲೆಳೆ ಬಲಕ್ಕೆ ವಾಲಿಸು, ಬ್ಯಾಟರಿಯನ್ನು ಬೆರಳಗಲ ಹಿಂದೆ ಸರಿಸು. ನಾಲ್ಕು ವರ್ಷದ ಬಿ.ಟೆಕ್. ಹುಡುಗ ಇದನ್ನು ಹಿಡಿಯುವಷ್ಟರಲ್ಲಿ ಕ್ಯಾಂಪಸ್ ಇಂಟರ್‌ವ್ಯೂ ಬಂದಿರುತ್ತದೆ.

ಕಟ್ಟುವ ಕೆಲಸಕ್ಕೆ ನಮ್ಮ ಊರು ಅನುಕೂಲವೂ ಹೌದು, ಉಪದ್ರವೂ ಹೌದು. ಬಾಲ್ಸಾ ಮರ ದಕ್ಷಿಣ ಅಮೆರಿಕದ್ದು, ನಮ್ಮ ಬೂರುಗದ ದೂರದ ನೆಂಟ. ಒಳ್ಳೆಯ ಬಾಲ್ಸಾ ಘನ ಮೀಟರಿಗೆ 100ರಿಂದ 200 ಕಿಲೋ ತೂಗುತ್ತದೆ. ಬೂರುಗವೂ ಹಗುರವೇ, ಆದರೆ ಅಷ್ಟು ಹಗುರ ಅಲ್ಲ, 5 ಕಿಲೋದೊಳಗೆ ಮುಗಿಸಬೇಕಾದವನಿಗೆ ಸಾಲದು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ನೀರು. ಬಾಲ್ಸಾ ಹಾಳೆ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಬೇಸಿಗೆಯಲ್ಲಿ ಬಿಗಿಯಾಗಿ ಹೊದಿಸಿದ ಪ್ಲಾಸ್ಟಿಕ್ ಹೊದಿಕೆ ಮಳೆಗಾಲದಲ್ಲಿ ಸುಕ್ಕು. ರೆಕ್ಕೆ ಒಂದು ಡಿಗ್ರಿ ತಿರುಚಿಕೊಂಡರೂ ವಿಮಾನ ನೆಟ್ಟಗೆ ಹಾರದು. ಮಳೆಗಾಲ ಮುಗಿಯುವವರೆಗೆ ಮರವನ್ನು ಅಕ್ಕಿಯ ಹಾಗೆ ಕಾಪಾಡಬೇಕು.

ಅದಕ್ಕೇ ಥರ್ಮಾಕೋಲಿನ ರೆಕ್ಕೆ ನಮಗೆ ಹೆಚ್ಚು ಒಗ್ಗುತ್ತದೆ. ಎರಡು ತುದಿಗೆ ರೆಕ್ಕೆಯ ಆಕಾರದ ಹಲಗೆ ಇಟ್ಟು, ಬಿಸಿ ಮಾಡಿದ ನೈಕ್ರೋಮ್ ತಂತಿಯನ್ನು ಅದರ ಅಂಚಿನ ಮೇಲೆ ಎಳೆದರೆ ಬೆಣ್ಣೆ ಕತ್ತರಿಸಿದ ಹಾಗೆ ರೆಕ್ಕೆ. ಮಂಟಪ ಅಲಂಕಾರಕ್ಕೆ ಥರ್ಮಾಕೋಲ್ ಕೊರೆಯುವವರಿಗೆ ಈ ವಿದ್ಯೆ ಹೊಸತಲ್ಲ. ಮೇಲೆ ತೆಳು ಗ್ಲಾಸ್ ಬಟ್ಟೆ ಹಾಸಿ ರೆಸಿನ್ ಹಚ್ಚಬೇಕು. ಬಟ್ಟೆ, ರೆಸಿನ್, ಅಚ್ಚು ತೆಗೆಯುವ ಮೇಣ ಇವೆಲ್ಲ ಫೈಬರ್ ದೋಣಿ ಮಾಡುವ ಕಡಲತೀರದವರಿಗೆ ಕೈಗೆ ಬಂದ ವಸ್ತುಗಳು. ಒಂದೇ ಎಚ್ಚರಿಕೆ: ದೋಣಿಗೆ ಸಾಮಾನ್ಯವಾಗಿ ಬಳಸುವುದು ಪಾಲಿಯೆಸ್ಟರ್ ರೆಸಿನ್, ಅದು ಥರ್ಮಾಕೋಲನ್ನು ತಿಂದು ಹಾಕುತ್ತದೆ. ವಿಮಾನಕ್ಕೆ ಎಪಾಕ್ಸಿಯೇ ಆಗಬೇಕು. ದೋಣಿಯವರಿಗೂ ವಿಮಾನದವರಿಗೂ ಇನ್ನೊಂದು ವ್ಯತ್ಯಾಸ ತೂಕದ್ದು. ದೋಣಿಯವ ಗಟ್ಟಿ ಇರಲಿ ಅಂತ ಒಂದು ಕೈ ಹೆಚ್ಚು ರೆಸಿನ್ ಹಾಕುತ್ತಾನೆ, ವಿಮಾನದವ ಹಾಕಿದ್ದನ್ನು ಟಿಶ್ಯೂ ಕಾಗದದಲ್ಲಿ ಒತ್ತಿ ತೆಗೆಯುತ್ತಾನೆ.

ಇನ್ನು ಹಾರಿಸುವ ಜಾಗ. ಎಫ್‌3ಎ ಪೈಲಟ್ ತನ್ನಿಂದ ಸುಮಾರು 150 ಮೀಟರ್ ದೂರದ ಗೆರೆಯಲ್ಲಿ ಹಾರಿಸಬೇಕು. ಎಡಕ್ಕೆ 60 ಡಿಗ್ರಿ, ಬಲಕ್ಕೆ 60 ಡಿಗ್ರಿ, ಮೇಲಕ್ಕೆ 60 ಡಿಗ್ರಿ. ಹೈಸ್ಕೂಲಿನ ಟ್ಯಾನ್ ಲೆಕ್ಕ ಹಾಕಿದರೆ ಅಗಲ ಸುಮಾರು 520 ಮೀಟರ್, ಎತ್ತರ 260 ಮೀಟರ್. ಕಾಪುವಿನ ದೀಪಸ್ತಂಭದ ಎತ್ತರ ಸುಮಾರು 27 ಮೀಟರ್. ಅಂಥ ಒಂಬತ್ತು ದೀಪಸ್ತಂಭ ಒಂದರ ಮೇಲೊಂದು ಇಟ್ಟರೂ ಪೆಟ್ಟಿಗೆಯ ಮುಚ್ಚಳ ಮುಟ್ಟುವುದಿಲ್ಲ. ಮನೆ, ತೆಂಗಿನ ತೋಟ, ಹೆದ್ದಾರಿ, ಕರೆಂಟು ತಂತಿಯ ನಡುವೆ ಇಷ್ಟು ಖಾಲಿ ಜಾಗ ಕಾರ್ಕಳದ ಕಡೆಯ ಪಾದೆಗಳಲ್ಲೋ ಕಡಲತೀರದಲ್ಲೋ ಹುಡುಕಬೇಕು.

ಜಾಗ ಸಿಕ್ಕಿದರೂ ಕಾನೂನು ಉಂಟು. 2021ರ ಆಗಸ್ಟ್‌ನಲ್ಲಿ ಬಂದ ಡ್ರೋನ್ ನಿಯಮಗಳು ರಿಮೋಟ್ ವಿಮಾನಕ್ಕೂ ಲಾಗು. ಹಸಿರು ವಲಯದಲ್ಲಿ ಅನುಮತಿ ಬೇಡ, ಆದರೆ 400 ಅಡಿವರೆಗೆ ಮಾತ್ರ. 400 ಅಡಿ ಅಂದರೆ ಸುಮಾರು 120 ಮೀಟರ್. ನಮ್ಮ ಪೆಟ್ಟಿಗೆಯ ಅರ್ಧಕ್ಕಿಂತ ಹೆಚ್ಚು ಭಾಗ ಹಳದಿ ವಲಯದಲ್ಲಿ, ಅಲ್ಲಿಗೆ ವಾಯು ಸಂಚಾರ ನಿಯಂತ್ರಕರ ಅನುಮತಿ ಬೇಕು. ಮಾನ್ಯತೆ ಇರುವ ವಿದ್ಯಾಸಂಸ್ಥೆ ಹಸಿರು ವಲಯದ ತನ್ನ ಜಾಗದೊಳಗೆ ಸಂಶೋಧನೆಗೆ ಹಾರಿಸಿದರೆ ನೋಂದಣಿ, ಲೈಸೆನ್ಸ್‌ಗಳಿಂದ ವಿನಾಯಿತಿ ಇದೆ. ಮನೆಯ ಜಗಲಿಯಲ್ಲಿ ಒಬ್ಬನೇ ಕೂತು ರೆಕ್ಕೆ ಕೊರೆಯುವವನಿಗೆ ಆ ವಿನಾಯಿತಿ ಇಲ್ಲ. ಡ್ರೋನಿಗೆ ಕಡಿವಾಣ ಬೇಕು, ಒಪ್ಪುತ್ತೇನೆ. ಆದರೆ ಕಾಜ್ಮಿರ್ಸ್ಕಿ, ಕ್ರಾಫ್ಟ್ ಥರದವರು ಯಾವ ಸಂಸ್ಥೆಯ ಲೆಟರ್‌ಹೆಡ್ಡಿನಿಂದಲೂ ಹುಟ್ಟಿದವರಲ್ಲ. ಕಾಲೇಜುಗಳು ತಮ್ಮ ಮೈದಾನವನ್ನು ಭಾನುವಾರ ಬೆಳಿಗ್ಗೆ ಊರಿನ ಇಂಥ ಒಂಟಿ ಹುಚ್ಚರಿಗೂ ತೆರೆದು, ತಮ್ಮ ತಂಡದ ಜೊತೆ ಸೇರಿಸಿಕೊಂಡರೆ ಎರಡು ಕೊರತೆ ಒಟ್ಟಿಗೆ ನೀಗುತ್ತದೆ. ಅವರಿಗೆ ಹಾರಿಸಿ ಪಳಗಿದ ಬೆರಳು ಸಿಗುತ್ತದೆ, ಇವರಿಗೆ ಲೆಕ್ಕ ಮಾಡುವವರು ಸಿಗುತ್ತಾರೆ.

ಕಡಲತೀರವನ್ನೇ ಆರಿಸಿಕೊಂಡವರಿಗೆ ಒಂದು ಮಾತು. ನಮ್ಮ ಸಮುದ್ರ ಪಶ್ಚಿಮಕ್ಕೆ. ಸಂಜೆ ಹಾರಿಸಿದರೆ ಸೂರ್ಯ ಪೆಟ್ಟಿಗೆಯೊಳಗೇ ಇರುತ್ತಾನೆ, ವಿಮಾನ ಅವನ ಮುಂದೆ ಹಾದ ಕ್ಷಣ ಮಾಯ. ಬೆಳಿಗ್ಗೆ ಸೂರ್ಯ ಬೆನ್ನಿಗೆ, ಗಾಳಿ ಗುಡ್ಡೆಯಿಂದ ಕಡಲಿಗೆ. ಆ ಗಾಳಿ ವಿಮಾನವನ್ನು ಮೆಲ್ಲ ಆಚೆ ದೂಡುತ್ತಿರುತ್ತದೆ, ಮೂಗನ್ನು ಸ್ವಲ್ಪ ಈಚೆ ತಿರುಗಿಸಿ ಹಿಡಿಯಬೇಕು. ಬಿಸಿಲು ಏರಿದ ಮೇಲೆ ಗಾಳಿ ತಿರುಗಿ ಕಡಲಿನಿಂದ ಬೀಸಲು ಶುರು, ಆಗ ವಿಮಾನ ತಲೆಯ ಮೇಲೆ ಬರಲು ನೋಡುತ್ತದೆ. ಆಗ ನಿಲ್ಲಿಸುವುದು ಒಳ್ಳೆಯದು. ಕೈರಂಪಣಿ ಎಳೆಯುವವರು ದಡದಲ್ಲಿದ್ದರೆ ಶುರುವೇ ಮಾಡಬಾರದು. 17 ವರಸೆಯ ಒಂದು ಹಾರಾಟಕ್ಕೆ ಸ್ಪರ್ಧೆಯಲ್ಲಿ ಕೊಡುವ ಸಮಯ 8 ನಿಮಿಷ. ಗಾಳಿ ತಿರುಗುವ ಮೊದಲು ನಾಲ್ಕೈದು ಹಾರಾಟ ಆಗುತ್ತದೆ. ಮನೆಗೆ ಹೋಗಿ ಉಪ್ಪಿನಂಶವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ನೈಫ್ ಎಡ್ಜಿನಲ್ಲಿ ಮೂಗು ಯಾವ ಕಡೆ ವಾಲಿತು ಅಂತ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.